ಡಿಸೆಂಬರ್‌ನಲ್ಲಿ ಊರಿಗೆ ಬಂದು ಶಾಲೆಯಲ್ಲಿ ಕಾರ್ಯಾಗಾರ ಮಾಡುವವರಿಗೆ

ವಿದೇಶದಿಂದ ರಜೆಗೆ ಮೈಸೂರು, ಮಂಡ್ಯಕ್ಕೆ ಬಂದಾಗ ಇಲ್ಲಿನ ಶಾಲೆಯಲ್ಲಿ ಬುಲ್ಲಿಯಿಂಗ್ (ಮಕ್ಕಳೇ ಮಕ್ಕಳಿಗೆ ಕೊಡುವ ಕಾಟ) ತಡೆ ಮತ್ತು ಧರ್ಮ ಸೌಹಾರ್ದದ ಕಾರ್ಯಾಗಾರ ಮಾಡಬಹುದೇ ಎಂದು ನಾಲ್ಕೈದು ಜನ ಕೇಳಿದ್ದೀರಿ. ಖಂಡಿತ ಮಾಡಿ. ಆದರೆ ಸಭಾಂಗಣದಲ್ಲಿ 300 ಮಕ್ಕಳನ್ನು ಕೂರಿಸಿ ಸ್ಲೈಡ್ ತೋರಿಸಿ, ಪ್ರತಿಜ್ಞೆ ಹೇಳಿಸಿ, ಫೋಟೋ ತೆಗೆಸಿಕೊಂಡು ಹೊರಡುವುದಾದರೆ ದಯವಿಟ್ಟು ಬೇಡ. ಒಂದು ಸಲಕ್ಕೆ ಒಂದೇ ಸೆಕ್ಷನ್, ಹೆಚ್ಚೆಂದರೆ 30 ಮಕ್ಕಳು, ಒಂದೂವರೆ ಗಂಟೆ, ವಾರಕ್ಕೊಂದರಂತೆ ನಾಲ್ಕು ಸಲ. ನೀವು ಎರಡೇ ವಾರ ಇರುವುದಾದರೆ ಮೊದಲೆರಡು ನಡೆಸಿ, ಉಳಿದದ್ದನ್ನು ಪಕ್ಕದಲ್ಲಿದ್ದು ಕಲಿತ ಶಿಕ್ಷಕರು ಮುಂದುವರಿಸಲಿ. 8 ಮತ್ತು 9ನೇ ತರಗತಿ ಸರಿಯಾದ ವಯಸ್ಸು. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಯಾವ ಹೆಡ್‌ಮಾಸ್ಟರೂ ಆ ಹೊತ್ತಿಗೆ ಬಿಟ್ಟುಕೊಡುವುದಿಲ್ಲ.

ಮೊದಲ ತೊಡಕು ಭಾಷೆಯದು. ಕನ್ನಡ ಮಾಧ್ಯಮದ ಮಗುವಿಗೆ ‘ಯಾರಾದರೂ ಬುಲ್ಲಿ ಮಾಡ್ತಾರಾ’ ಅಂದರೆ ‘ಇಲ್ಲ ಮಿಸ್’ ಅಂದುಬಿಡುತ್ತೆ. ‘ಯಾರಾದ್ರೂ ಗೋಳು ಹೊಯ್ಕೋತಾರಾ? ಅಡ್ಡಹೆಸರು ಕೂಗ್ತಾರಾ? ನಿನ್ನ ಟಿಫನ್ ಬಾಕ್ಸ್ ತೆಗೆದರೆ ಮೂಗು ಮುಚ್ಕೋತಾರಾ?’ ಅಂತ ಕೇಳಿ. ಬೇಕೆಂದೇ, ಪದೇ ಪದೇ, ತನಗಿಂತ ಬಲ ಕಡಿಮೆ ಇರುವವರ ಮೇಲೆ: ಬುಲ್ಲಿಯಿಂಗ್ ಯಾವುದು ಎಂದು ತಿಳಿಯಲು, ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯುಸ್ 1970ರ ದಶಕದಲ್ಲಿ ಶುರು ಮಾಡಿದ ಸಂಶೋಧನೆಯಿಂದ ಬಂದ ಈ ಮೂರು ಗುರುತು ಸಾಕು. ಬಲ ಅಂದರೆ ಮೈಬಲ ಮಾತ್ರವಲ್ಲ. ಕ್ಲಾಸಿನಲ್ಲಿ ಒಂದು ಧರ್ಮದ 28 ಮಕ್ಕಳ ನಡುವೆ ಇನ್ನೊಂದು ಧರ್ಮದ ಇಬ್ಬರೇ ಕೂತಿದ್ದರೆ, ಅಲ್ಲೂ ಬಲದ ಅಂತರವಿದೆ.

ಮೊದಲ ದಿನ ಯಾರಿಂದಲೂ ಅನುಭವ ಹೇಳಿಸಬೇಡಿ, ಚೀಟಿಯಲ್ಲೂ ಬರೆಸಬೇಡಿ. ಕ್ಲಾಸ್ ಟೀಚರಿಗೆ ಪ್ರತಿ ಮಗುವಿನ ಅಕ್ಷರ ಗೊತ್ತು, ಗೊತ್ತು ಅನ್ನುವುದು ಮಕ್ಕಳಿಗೂ ಗೊತ್ತು. ಬದಲಿಗೆ ಶಾಲೆಯ ನಕ್ಷೆಯನ್ನು ಎ4 ಹಾಳೆಯಲ್ಲಿ ಕೈಯಲ್ಲೇ ಬಿಡಿಸಿ ಜೆರಾಕ್ಸ್ ಮಾಡಿಸಿ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು. ಭಯವಾಗುವ ಜಾಗಕ್ಕೆ ಇಂಟು, ನೆಮ್ಮದಿಯ ಜಾಗಕ್ಕೆ ಸೊನ್ನೆ. ಪ್ರತಿಯೊಬ್ಬರೂ ಕನಿಷ್ಠ ಮೂರು ಸೊನ್ನೆ ಹಾಕಲೇಬೇಕು. ಆಗ ಎಲ್ಲರ ಪೆನ್ನೂ ಓಡುತ್ತಿರುತ್ತದೆ, ಇಂಟು ಹಾಕುವವರು ಎದ್ದು ಕಾಣುವುದಿಲ್ಲ. ಹಾಳೆಗಳನ್ನು ಸೇರಿಸಿ ಎಣಿಸಿದರೆ ಇಂಟುಗಳು ಬಹುಮಟ್ಟಿಗೆ ಶೌಚಾಲಯದ ತಿರುವು, ನಲ್ಲಿಕಟ್ಟೆ, ಸೈಕಲ್ ಸ್ಟ್ಯಾಂಡ್, ಬಸ್ಸಿನ ಹಿಂದಿನ ಸೀಟಿನಲ್ಲೇ ಗುಂಪುಗೂಡುತ್ತವೆ. ಆ ಹಾಳೆ ಹಿಡಿದು ಮುಖ್ಯೋಪಾಧ್ಯಾಯರ ಬಳಿ ಹೋಗಿ, ಊಟದ ಬಿಡುವಿನಲ್ಲಿ ಅಲ್ಲೊಬ್ಬರು ನಿಲ್ಲುವಂತೆ ಡ್ಯೂಟಿ ಪಟ್ಟಿ ಬದಲಾಯಿಸಲು ಕೇಳಿ.

ಕಾಟ ತಡೆಯಲು ನೆರವಾಗುವ ಮುಂದಾಳು ಮಕ್ಕಳನ್ನು ಆರಿಸುವಾಗ ಸ್ಕೂಲ್ ಲೀಡರ್, ಫಸ್ಟ್ ರ‍್ಯಾಂಕ್ ನೋಡಬೇಡಿ. ‘ಕಷ್ಟ ಬಂದರೆ ಕ್ಲಾಸಿನಲ್ಲಿ ಯಾರ ಹತ್ತಿರ ಹೇಳ್ಕೋತೀಯಾ, ಎರಡು ಹೆಸರು’ ಎಂದು ಒಬ್ಬೊಬ್ಬರನ್ನೇ ಕೇಳಿ. ಹೆಚ್ಚು ಸಲ ಬರುವ ಆರು ಹೆಸರು ಸಾಕು. ಇವರ ಕೆಲಸ ಪಂಚಾಯ್ತಿ ಮಾಡುವುದಲ್ಲ: ಒಂಟಿಯಾದವನ ಪಕ್ಕ ಹೋಗಿ ಕೂರುವುದು, ‘ಬಾರೋ, ನೀರು ಕುಡಿದು ಬರೋಣ’ ಎಂದು ಅಲ್ಲಿಂದ ಬಿಡಿಸಿಕೊಂಡು ಬರುವುದು, ದೊಡ್ಡವರಿಗೆ ತಿಳಿಸುವುದು. ಕಾಟ ಕೊಟ್ಟವನನ್ನೂ ಅನುಭವಿಸಿದವನನ್ನೂ ಎದುರುಬದುರು ನಿಲ್ಲಿಸಿ ‘ಶೇಕ್‌ಹ್ಯಾಂಡ್ ಮಾಡ್ಕೊಳ್ಳಿ’ ಅನ್ನುವುದು ನಮ್ಮ ಶಾಲೆಗಳ ಹಳೆಯ ರೂಢಿ. ಆ ಸಂಜೆ ಗೇಟಿನಾಚೆ ಅದರ ಬಡ್ಡಿ ತೀರಿಸುವವನು ಅನುಭವಿಸಿದವನೇ. ಇಬ್ಬರ ಜೊತೆಗೂ ಬೇರೆ ಬೇರೆಯಾಗಿ ಮಾತಾಡಿ.

ಧರ್ಮದ ಭಾಗಕ್ಕೆ ಒಂದೇ ನಿಯಮ: ಮಾತು ‘ನಮ್ಮ ಧರ್ಮದಲ್ಲಿ’ ಎಂದು ಶುರುವಾಗಬಾರದು, ‘ನಮ್ಮ ಮನೇಲಿ’ ಎಂದೇ ಶುರುವಾಗಬೇಕು. ಉಪವಾಸ ಬಿಡುವಾಗ ಮೊದಲು ಬಾಯಿಗೆ ಏನಿಡುತ್ತೀರಿ? ಮಗುವಿಗೆ ಹೆಸರಿಡುವವರು ಯಾರು? ಸಾವಾದ ಮನೆಗೆ ಅಡುಗೆ ಕಳಿಸುವವರು ಯಾರು? ಏಕಾದಶಿ, ರೋಜಾ, ಕ್ರೈಸ್ತರ ತಪಸ್ಸುಕಾಲ ಎಲ್ಲ ತಾವಾಗಿಯೇ ಮಾತಿಗೆ ಬರುತ್ತವೆ. ಕ್ಲಾಸಿನ ಒಬ್ಬಳೇ ಮುಸ್ಲಿಂ ಅಥವಾ ಜೈನ ಹುಡುಗಿಯನ್ನು ಎಬ್ಬಿಸಿ ‘ನಿಮ್ಮವರ ಬಗ್ಗೆ ಹೇಳಮ್ಮ’ ಅಂದರೆ ಅವಳನ್ನು ಗುರಿಮಾಡಿ ನಿಲ್ಲಿಸಿದಂತೆ. ‘ಪಾಸ್’ ಅನ್ನುವ ಹಕ್ಕು ಎಲ್ಲರಿಗೂ ಇರಲಿ. ವೇಷ ಹಾಕಿಸುವುದು, ಪ್ರಾರ್ಥನೆ ಮಾಡಿಸುವುದು ಬೇಡ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ ಸಂವಿಧಾನದ 28ನೇ ವಿಧಿ ಅವಕಾಶ ಕೊಡುವುದಿಲ್ಲ. ಅನುದಾನಿತ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಬೇಕು. ಸೇಂಟ್ ಫಿಲೋಮಿನಾ ಚರ್ಚು, ಬೈಲಕುಪ್ಪೆಯ ಟಿಬೆಟನ್ ಬೌದ್ಧರ ನಾಮ್ಡ್ರೋಲಿಂಗ್ ಮಠ ತೋರಿಸುವ ಆಸೆ ಒಳ್ಳೆಯದೇ, ನಾಲ್ಕೂ ವಾರ ಮುಗಿದ ಮೇಲೆ ಹೋಗಿ.

ನಿಮ್ಮ ಜೊತೆ ಬರುವ ಮಕ್ಕಳೂ ನೆಲದ ಮೇಲೆ ಗುಂಪಿನಲ್ಲೇ ಕೂರಲಿ, ಅತಿಥಿ ಕುರ್ಚಿಯಲ್ಲಿ ಬೇಡ. ಅವರ ತೊದಲು ಕನ್ನಡಕ್ಕೆ ಯಾರಾದರೂ ನಕ್ಕರೆ ತಕ್ಷಣ ಗದರಬೇಡಿ, ಆ ಮುಂದಾಳು ಮಕ್ಕಳು ಏನು ಮಾಡುತ್ತಾರೆ ಅಂತ ಒಂದು ನಿಮಿಷ ಕಾಯಿರಿ.

ಸರ್ಕಾರಿ ಶಾಲೆಯಾದರೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಡಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಬೇಕಾದ ಮನೆಗೆ ಉರ್ದುವಿನಲ್ಲೂ. ಸಿಬಿಎಸ್‌ಇ ಶಾಲೆಯಾದರೆ ಬುಲ್ಲಿಯಿಂಗ್ ತಡೆ ಸಮಿತಿಯ ಬಗ್ಗೆ 2015ರ ಸುತ್ತೋಲೆಯಿದೆ, ಸಮಿತಿ ಇದೆಯೇ ಎಂದು ಕೇಳಿ. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನವರು ಗಮನಿಸಿ: 2021ರ ಅಧಿಸೂಚನೆಯಂತೆ ಧರ್ಮಪ್ರಚಾರಕ್ಕೆ ವಿಶೇಷ ಅನುಮತಿ ಬೇಕು, ಆದ್ದರಿಂದ ಪ್ರವಚನದ ಧಾಟಿ ಬೇಡವೇ ಬೇಡ. ವಿದೇಶಿ ಪೌರರು ಇಲ್ಲಿನ ಸಂಸ್ಥೆಗೆ ಹಣ ಕಳಿಸುವುದಾದರೆ ಆ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇರಬೇಕು.

ಯಾವುದಾದರೂ ಮಗು ಲೈಂಗಿಕ ಕಿರುಕುಳ ಹೇಳಿಕೊಂಡರೆ ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡಿ. ಪೋಕ್ಸೊ ಕಾಯ್ದೆ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098ನ್ನು ಮೊದಲ ದಿನವೇ ಬೋರ್ಡಿನ ಮೂಲೆಯಲ್ಲಿ ಬರೆದುಬಿಡಿ.

ಫೆಬ್ರವರಿ ಮೊದಲ ವಾರ ವಿಶ್ವಸಂಸ್ಥೆಯ ಸರ್ವಧರ್ಮ ಸೌಹಾರ್ದ ಸಪ್ತಾಹ. ಅಷ್ಟರಲ್ಲಿ ನೀವು ವಾಪಸ್ಸಾಗಿರುತ್ತೀರಿ. ಅದೇ ನಕ್ಷೆ, ಅದೇ ಬಣ್ಣದ ಪೆನ್ನನ್ನು ಶಿಕ್ಷಕರು ಆ ವಾರ ಮತ್ತೊಮ್ಮೆ ಕೊಡಲಿ. ಇಂಟುಗಳು ಕಡಿಮೆಯಾದವೋ, ಅಥವಾ ನಲ್ಲಿಕಟ್ಟೆಯಿಂದ ಬೇರೆ ಮೂಲೆಗೆ ಸರಿದವೋ ನೋಡಿ ನಿಮಗೆ ಫೋನ್ ಮಾಡಿ ಹೇಳಲಿ.