ಸಹಾಯ ಬೇಕು: ಅಜ್ಜಿಯ ಹಿತಕಿದಬೇಳೆ ಸಾರಿನ ರುಚಿ ಬರ್ತಿಲ್ಲ
ಎಲ್ಲರಿಗೂ ನಮಸ್ಕಾರ. ಗಾಂಧಿಬಜಾರಿನಿಂದ 2 ಕೆಜಿ ಅವರೆಕಾಯಿ ತಂದಿದ್ದೆ. ಮಾಗಡಿ ಕಾಯಿ ಅಂದ್ರು. ಕೈಗೆಲ್ಲ ಸೊಗಡು ಅಂಟಿತ್ತು, ನಂಬಿದೆ. ಅರ್ಧದಷ್ಟು ಬಿಡಿಸಿ, ರಾತ್ರಿ ನೆನೆಹಾಕಿ, ಬೆಳಿಗ್ಗೆ ಕೂತು ಒಂದೊಂದೇ ಹಿತುಕಿದೆ (ಕಾಲು ಭಾಗ ಗೋಡೆಗೆ ಹಾರಿತು!). ಕಾಯಿತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಶುಂಠಿ, ಬೆಳ್ಳುಳ್ಳಿ, 2 ಲವಂಗ, ಚೂರು ಚಕ್ಕೆ, ಗಸಗಸೆ ರುಬ್ಬಿ ಹಾಕಿದೆ. ಕುಕ್ಕರು 2 ಸಲ ಕೂಗುವಷ್ಟರಲ್ಲಿ ಬೇಳೆ ಕರಗೇ ಹೋಯ್ತು, ಸೊಗಡೂ ಮಾಯ.

ಅಜ್ಜಿ ಮಾಡಿದರೆ ಬೀದಿ ತುದಿಗೇ ಘಮ ಬರ್ತಿತ್ತು. ಪಾತ್ರೆಯಲ್ಲೇ ಬೇಯಿಸ್ತಿದ್ದ ನೆನಪು. ಬೇಳೆ ಯಾವಾಗ ಹಾಕಬೇಕು, ಮಸಾಲೆ ಕುದಿದ ಮೇಲಾ? ಮಸಾಲೆ ಹುರಿಯಬೇಕಾ, ಹಸಿಯಾಗೇ ರುಬ್ಬಬೇಕಾ? ಭಾನುವಾರ ಅಮ್ಮ ಬರ್ತಿದ್ದಾರೆ, ಮುದ್ದೆ ತಾನೇ ತೊಳಸ್ತೀನಿ ಅಂದಿದ್ದಾರೆ. ಇನ್ನೂ 1 ಕೆಜಿ ಕಾಯಿ ಇದೆ. ದಯವಿಟ್ಟು ಬೇಗ ಹೇಳಿ.