‘ದಿ ರೈಡ್’ ನೋಡಿದ್ದಾಯಿತು, ಎರಡನೇ ಭಾಗವೂ ನೋಡಬಹುದಾ?

ನಿನ್ನೆ ರಾತ್ರಿ ಇಂಡೋನೇಷ್ಯಾದ ಆಕ್ಷನ್ ಸಿನಿಮಾ ‘ದಿ ರೈಡ್’ ನೋಡಿದೆ. ಕಣ್ಣು ಮಿಟುಕಿಸೋಕೂ ಬಿಡಲಿಲ್ಲ! ಆದರೆ ‘ದಿ ರೈಡ್ 2’ ಎರಡೂವರೆ ಗಂಟೆ ಇದೆಯಂತೆ. ಅಷ್ಟು ಎಳೆದರೆ ಮೊದಲನೆಯದರ ಮಜಾ ಕೆಡಲ್ವಾ? ಎರಡೂ ನೋಡಿದವರು ಹೇಳಿ.

—

ಖಂಡಿತ ನೋಡಿ. ಆದರೆ ಮೊದಲನೆಯದೇ ಮತ್ತೆ ಸಿಗುತ್ತದೆ ಅಂದುಕೊಂಡು ಕೂರಬೇಡಿ. ನಾನು ಹಾಗೆ ಕೂತು ಅರ್ಧ ಗಂಟೆಗೇ ನಿಲ್ಲಿಸಿಬಿಟ್ಟಿದ್ದೆ. ವಾರ ಬಿಟ್ಟು ನೋಡಿದಾಗ ತುಂಬಾ ಹಿಡಿಸಿತು.

2011ರದ್ದು ಒಂದೇ ಕಟ್ಟಡದ ಕಥೆ. ಒಳಗೆ ಸಿಕ್ಕಿಬಿದ್ದ ಪೊಲೀಸರು ಜೀವ ಉಳಿಸಿಕೊಂಡು ಹೊರಗೆ ಬರಬೇಕು, ಅಷ್ಟೇ. 2014ರದ್ದು ಅದು ಮುಗಿದ ಕೆಲವೇ ಗಂಟೆಗಳಲ್ಲಿ ಶುರುವಾದರೂ ದಾರಿಯೇ ಬೇರೆ. ಮೊದಲನೆಯದರ ನಾಯಕ, ಪೊಲೀಸ್ ರಾಮ ಗುರುತು ಮರೆಸಿಕೊಂಡು ಜೈಲು ಸೇರಿ, ಜಕಾರ್ತದ ಗ್ಯಾಂಗ್ ಯಜಮಾನನ ಮಗನ ಸ್ನೇಹ ಬೆಳೆಸುತ್ತಾನೆ. ನಿರ್ದೇಶಕ ಗರೆತ್ ಎವನ್ಸ್ ಮೊದಲು ಮಾಡಬೇಕು ಅಂತಿದ್ದದ್ದೇ ಈ ಗ್ಯಾಂಗ್ ಕಥೆ. ದುಡ್ಡು ಹೊಂದಲಿಲ್ಲ. ಅದಕ್ಕೇ ಕಡಿಮೆ ಖರ್ಚಿನ ಕಟ್ಟಡದ ಕಥೆ ಹುಟ್ಟಿತು. ಅದು ಗೆದ್ದ ಮೇಲೆ ಹಳೇ ಕಥೆಗೆ ರಾಮನನ್ನು ಸೇರಿಸಿದರು.

ಕೊನೆಯ ಅಡುಗೆಮನೆ ಫೈಟ್‌ಗೋಸ್ಕರವಾದರೂ ನೋಡಲೇಬೇಕು. ರಾಮನಾಗಿರುವ ಐಕೊ ಉವೈಸ್ ಎದುರು ಕೊಲೆಗಾರನ ಪಾತ್ರದ ಚೆಚೆಪ್ ಆರಿಫ್ ರಹಮಾನ್. ಇಬ್ಬರೂ ನಿಜವಾಗಿಯೂ ಪೆಂಚಕ್ ಸಿಲಾಟ್ ಅನ್ನೋ ಇಂಡೋನೇಷ್ಯಾದ ಸಮರಕಲೆ ಕಲಿತವರು, ಅದು ಪಾದದ ಪ್ರತಿ ಹೆಜ್ಜೆಯಲ್ಲೂ ಕಾಣುತ್ತದೆ. ಮೊದಲು ಬರಿಗೈ. ಆಮೇಲೆ ಆ ಕೊಲೆಗಾರ ಎರಡು ಕರಂಬಿಟ್ ಹೊರತೆಗೆಯುತ್ತಾನೆ, ಹುಲಿಯುಗುರಿನ ಹಾಗೆ ಬಾಗಿದ ಚಿಕ್ಕ ಚಾಕು. ಅಲ್ಲಿಂದ ಒಂದೊಂದು ಗೀರೂ ನಮ್ಮ ಮೈಮೇಲೇ ಬಿದ್ದ ಹಾಗಿರುತ್ತದೆ.

—

ನನಗೆ ಈಗಲೂ ಮೊದಲನೆಯದೇ ಮೇಲು. ಅದರ ವಿಲನ್ ಮ್ಯಾಡ್ ಡಾಗ್ ಕೈಯಲ್ಲಿದ್ದ ಗನ್ ಪಕ್ಕಕ್ಕಿಟ್ಟು ಬರಿಗೈಯಲ್ಲಿ ಹೊಡೆದಾಟಕ್ಕೆ ನಿಲ್ಲುತ್ತಾನಲ್ಲ, ಅಂಥ ನಡುಕ ಎರಡನೆಯದರಲ್ಲಿ ಯಾರೂ ಹುಟ್ಟಿಸಲಿಲ್ಲ. ಸುತ್ತಿಗೆ ಹಿಡಿದ ಹುಡುಗಿ ಹತ್ತಿರ ಬರುತ್ತಾಳೆ, ನಿಜ. ಒಂದು ವಿಷಯ ಮೊದಲೇ ತಿಳಿದಿರಲಿ: ಮ್ಯಾಡ್ ಡಾಗ್ ಆಗಿದ್ದ ಯಾಯಾನ್ ರುಹಿಯಾನ್ ಇದರಲ್ಲೂ ಇದ್ದಾರೆ, ಪ್ರಕೋಸೊ ಅನ್ನೋ ಬೇರೆಯೇ ಪಾತ್ರ. ಸತ್ತವನು ಹೇಗೆ ಎದ್ದು ಬಂದ ಅಂತ ನಾನು ಸುಮಾರು ಹೊತ್ತು ತಲೆ ಕೆಡಿಸಿಕೊಂಡಿದ್ದೆ.

—

ಡಬ್ಬಿಂಗ್ ಬೇಡ, ಇಂಡೋನೇಷ್ಯಾ ಭಾಷೆಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಕಾರ್ ಚೇಸ್‌ನಲ್ಲಿ ಕ್ಯಾಮೆರಾ ಒಂದು ಕಾರಿನೊಳಗೆ ತೂರಿ ಆಚೆ ಬರುತ್ತದೆ. ಅದಕ್ಕೆ ಒಬ್ಬ ಕ್ಯಾಮೆರಾಮನ್ ಸೀಟಿನ ವೇಷ ಹಾಕಿಕೊಂಡು ಕಾರಲ್ಲೇ ಕೂತಿದ್ದರು! ಆ ಜಾಗ ಬಂದಾಗ ಸೀಟಿನ ಕಡೆ ನೋಡಿ. ರಕ್ತ ಮಾತ್ರ ಮೊದಲನೆಯದಕ್ಕಿಂತ ಜಾಸ್ತಿ, ಮಕ್ಕಳು ಮಲಗಿದ ಮೇಲೆ ಹಾಕಿ.