ಕೀವ್ ಬಿಟ್ಟು ಮಾಸ್ಕೋಗೇ ಹೋಗಿದ್ದರೆ? 1941–42ರಲ್ಲಿ ಜರ್ಮನಿ ಎಡವಿದ್ದೆಲ್ಲಿ

ನಕ್ಷೆಪ್ರಿಯ:
1941ರ ಜೂನ್ 22ಕ್ಕೆ ಸೋವಿಯತ್ ಗಡಿ ದಾಟಿದ ಜರ್ಮನ್ ಸೇನೆ ಜುಲೈ ಮಧ್ಯಕ್ಕೆಲ್ಲ ಸ್ಮೊಲೆನ್ಸ್ಕ್ ತಲುಪಿತ್ತು. ಅಲ್ಲಿಂದ ಮಾಸ್ಕೋಗೆ ಹೆಚ್ಚೆಂದರೆ 400 ಕಿ.ಮೀ. ಆದರೆ ಆಗಸ್ಟ್ 21ರಂದು ಹಿಟ್ಲರ್ ಗುಡೇರಿಯನ್‌ನ ಟ್ಯಾಂಕ್ ಪಡೆಯನ್ನು ದಕ್ಷಿಣಕ್ಕೆ, ಕೀವ್ ಕಡೆಗೆ ತಿರುಗಿಸಿದ. ಮಾಸ್ಕೋ ಮೇಲೆ ನಿಜವಾದ ದಾಳಿ ಶುರುವಾಗುವ ಹೊತ್ತಿಗೆ ಅಕ್ಟೋಬರ್ ಬಂದಿತ್ತು. ಅದರ ಹಿಂದೆಯೇ ಕೆಸರು, ಆಮೇಲೆ ಹಿಮ. ಬದುಕುಳಿದ ಜರ್ಮನ್ ಸೇನಾಪತಿಗಳು ಯುದ್ಧ ಮುಗಿದ ಮೇಲೆ ಹೇಳಿಕೊಂಡಿದ್ದೂ ಇದನ್ನೇ: ನಮ್ಮ ಮಾತು ಕೇಳಿದ್ದರೆ ಮಾಸ್ಕೋ ನಮ್ಮದಾಗುತ್ತಿತ್ತು ಅಂತ. ಈ ವಾದ ಎಷ್ಟು ಗಟ್ಟಿ? ಇನ್ನೊಂದು ಪ್ರಶ್ನೆ: 1942ರ ಸ್ಟಾಲಿನ್‌ಗ್ರಾಡ್ ದಂಡಯಾತ್ರೆ ಹೊಸ ತಪ್ಪೋ, ಹಳೆಯದೇ ಮರುಕಳಿಸಿದ್ದೋ?

ಹಳಿಲೆಕ್ಕ:
ಟ್ಯಾಂಕು ಆಮೇಲೆ, ಮೊದಲು ರೈಲು ಹಳಿ ನೋಡೋಣ. ಸೋವಿಯತ್ ಗೇಜ್ (ಎರಡು ಹಳಿಗಳ ನಡುವಿನ ಅಂತರ) 1,524 ಮಿ.ಮೀ., ಜರ್ಮನಿಯದ್ದು 1,435. ವ್ಯತ್ಯಾಸ ಬರೀ 89 ಮಿ.ಮೀ. ಕೇಳಿದರೆ ಕೆಲಸ ಸುಲಭ ಅನ್ನಿಸುತ್ತದೆ. ಮರದ ಸ್ಲೀಪರ್ ಮೇಲಿನ ಒಂದು ಬದಿಯ ಮೊಳೆಗಳನ್ನು ಕಿತ್ತು, ಹಳಿಯನ್ನು ಅಷ್ಟು ಒಳಕ್ಕೆ ಸರಿಸಿ, ಮತ್ತೆ ಮೊಳೆ ಹೊಡೆಯಬೇಕು. ಬಯಲಲ್ಲಿ ಇದು ಬೇಗನೇ ಸಾಗುತ್ತದೆ. ಎಡವಟ್ಟಾಗುವುದು ನಿಲ್ದಾಣಗಳಲ್ಲಿ. ಹಳಿ ಬದಲಿಸುವ ಪಾಯಿಂಟುಗಳನ್ನು ಸರಿಸಿದರೆ ಸಾಲದು, ಹೊಸದಾಗಿಯೇ ಜೋಡಿಸಬೇಕು. ಸೇತುವೆಗಳನ್ನು ಕೆಂಪು ಸೇನೆ (ಸೋವಿಯತ್ ಸೇನೆ) ಹಿಂದೆ ಸರಿಯುವಾಗಲೇ ಸ್ಫೋಟಿಸಿತ್ತು. ದೊಡ್ಡ ಸೋವಿಯತ್ ಇಂಜಿನ್‌ಗಳು ಹೆಚ್ಚು ನೀರು ಹೊತ್ತೊಯ್ಯುತ್ತಿದ್ದ ಕಾರಣ ಅಲ್ಲಿ ನೀರಿನ ಕೇಂದ್ರಗಳು ದೂರದೂರ ಇದ್ದವು. ಜರ್ಮನ್ ಇಂಜಿನ್‌ಗಳಿಗೆ ಅಷ್ಟು ದೂರ ಎಳೆಯುವಷ್ಟು ನೀರು ಸಾಲುತ್ತಿರಲಿಲ್ಲ. ಅಂದರೆ ಹಳಿ ಕಿರಿದಾದ ಮಾತ್ರಕ್ಕೆ ರೈಲು ಓಡುವುದಿಲ್ಲ. ನಡುನಡುವೆ ನೀರಿನ ತೊಟ್ಟಿ, ಕಲ್ಲಿದ್ದಲಿನ ರಾಶಿ, ಇಂಜಿನ್ ಶೆಡ್, ಸಂಪರ್ಕದ ತಂತಿ, ಎಲ್ಲವನ್ನೂ ಕಟ್ಟಿಕೊಂಡೇ ಮುಂದೆ ಹೋಗಬೇಕು.

ಹಳಿ ಬಂದು ಸೇರುವ ತನಕ ಲಾರಿಯೇ ಗತಿ. ಇಲ್ಲಿ ಒಂದು ಕೂಡು-ಕಳೆ ಮಾಡಿ. ರೈಲು ನಿಂತ ಜಾಗದಿಂದ ಸೇನೆ 500 ಕಿ.ಮೀ. ಮುಂದಿದೆ ಅಂದುಕೊಳ್ಳಿ. ಹೋಗಿ ಬರಲು 1,000 ಕಿ.ಮೀ. ಆ ಮಣ್ಣುರಸ್ತೆಯಲ್ಲಿ ದಿನಕ್ಕೆ 175 ಕಿ.ಮೀ. ಎಂದು ಉದಾರವಾಗಿ ಹಿಡಿದರೂ ಒಂದು ಸುತ್ತಿಗೆ ಸುಮಾರು ಆರು ದಿನ. ಹಾಗಾಗಿ ದಿನಕ್ಕೆ ಒಂದು ಲೋಡು ತಲುಪಬೇಕಾದರೆ ಆರು ಲಾರಿ ಬೇಕು. ಕೆಟ್ಟು ನಿಂತವನ್ನು ಸೇರಿಸಿದರೆ ಎಂಟು, ಒಂಬತ್ತು. ದೂರ ದುಪ್ಪಟ್ಟಾದರೆ ಲಾರಿಗಳ ಸಂಖ್ಯೆಯೂ ದುಪ್ಪಟ್ಟು, ಹೊತ್ತ ಪೆಟ್ರೋಲಿನಲ್ಲಿ ದಾರಿಗೇ ಸುಡುವ ಪಾಲೂ ದುಪ್ಪಟ್ಟು. ಮೇಲಾಗಿ ಆ ಲಾರಿಗಳು ಒಂದೇ ಬಗೆಯವಲ್ಲ. ಫ್ರಾನ್ಸಿನಲ್ಲಿ ವಶಪಡಿಸಿಕೊಂಡವು, ಊರಿನ ಕಂಪನಿಗಳಿಂದ ಕಿತ್ತುಕೊಂಡವು ಎಲ್ಲ ಸೇರಿ ಸುಮಾರು 2,000 ಬಗೆಯ ವಾಹನಗಳು. ಒಂದರ ಗೇರು ಇನ್ನೊಂದಕ್ಕೆ ಕೂರುವುದಿಲ್ಲ. ಎಂಜಿನ್ ಸೇನೆ ಎಂದು ನಾವು ಕಲ್ಪಿಸಿಕೊಳ್ಳುವ ಆ ಸೇನೆಯ ಜೊತೆ 6 ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದವು ಎನ್ನುವುದನ್ನೂ ಮರೆಯಬೇಡಿ. ಅವಕ್ಕೆ ಮೇವು ಬೇಕು.

ಯೋಜನೆ ಮಾಡಿದವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸುಮಾರು 500 ಕಿ.ಮೀ. ಒಳಕ್ಕೆ ಹೋಗುವವರೆಗೆ ಸರಬರಾಜು ನಿಭಾಯಿಸಬಹುದು ಎಂಬ ಅಂದಾಜು ಅವರ ಕೈಯಲ್ಲೇ ಇತ್ತು. ಅದಕ್ಕೇ ದ್ನೀಪರ್ ನದಿಯಿಂದ ಪಶ್ಚಿಮಕ್ಕೇ ಕೆಂಪು ಸೇನೆಯನ್ನು ಮುಗಿಸಿಬಿಟ್ಟರೆ ಸಾಕು, ಉಳಿದದ್ದು ಬರೀ ನಡಿಗೆ ಎಂದು ಲೆಕ್ಕ ಹಾಕಿದರು. ಸರಬರಾಜಿನ ಮಿತಿಗೆ ಶತ್ರುವಿನ ಆಯುಸ್ಸನ್ನು ಹೊಂದಿಸಿದ ಲೆಕ್ಕ ಅದು. ಸ್ಮೊಲೆನ್ಸ್ಕ್‌ನಲ್ಲಿ ಆ 500 ಕಿ.ಮೀ. ಮುಗಿದಿತ್ತು, ಕೆಂಪು ಸೇನೆ ಮುಗಿದಿರಲಿಲ್ಲ. ಆಗಸ್ಟಿನಲ್ಲಿ ಮಾಸ್ಕೋ ಕಡೆಗೆ ಹೊರಟಿದ್ದ ಮಧ್ಯದ ಪಡೆ ಅಲ್ಲಿ ನಿಂತದ್ದಕ್ಕೆ ಹಿಟ್ಲರನ ಅನುಮಾನ ಒಂದು ಕಾರಣ ಇರಬಹುದು. ಆದರೆ ಟ್ಯಾಂಕುಗಳ ಎಂಜಿನ್ ಸವೆದು, ಮದ್ದುಗುಂಡು ತಳ ಕಂಡು, ಆ ಪಡೆ ಹೇಗಿದ್ದರೂ ನಿಲ್ಲಲೇಬೇಕಿತ್ತು.

ಪಾರ್ಶ್ವಗಾವಲು:
ಹಳಿಲೆಕ್ಕ ಅವರು ಹೇಳಿದ್ದು ಸರಿ. ನಕ್ಷೆಯ ಕಡೆಯಿಂದಲೂ ಒಂದು ಮಾತು ಸೇರಿಸಬೇಕು. ಆಗಸ್ಟ್ ಕೊನೆಗೆ ಸ್ಮೊಲೆನ್ಸ್ಕ್‌ನಿಂದ ನೇರ ಪೂರ್ವಕ್ಕೆ ಬಾಣ ಎಳೆದು ನೋಡಿ. ಅದರ ಬಲ ಪಕ್ಕೆಯಲ್ಲಿ, ಕೀವ್ ಸುತ್ತ, ಸೋವಿಯತ್‌ನ ಇಡೀ ನೈರುತ್ಯ ರಂಗ (ಹಲವು ಸೇನೆಗಳ ಗುಂಪು) ಕುಳಿತಿದೆ. ಸೆಪ್ಟೆಂಬರ್ ಕೊನೆಗೆ ಅಲ್ಲಿ ಸುತ್ತುವರಿಕೆ ಮುಗಿದಾಗ ಜರ್ಮನ್ನರು ಹೇಳಿಕೊಂಡ ಸೆರೆಯಾಳುಗಳ ಸಂಖ್ಯೆ 6.6 ಲಕ್ಷ. ಸೋವಿಯತ್ ಲೆಕ್ಕ ಅದಕ್ಕಿಂತ ಕಡಿಮೆ ಇದೆ. ಅರ್ಧ ಎಂದೇ ಹಿಡಿಯಿರಿ, ಅಷ್ಟು ಜನರನ್ನು ಪಕ್ಕೆಯಲ್ಲಿ ಬಿಟ್ಟು 400 ಕಿ.ಮೀ. ಮುಂದೆ ಹೋಗುವ ಧೈರ್ಯ ಯಾವ ಸೇನಾಪತಿಗಿದೆ? ಆ ಪಕ್ಕೆಯನ್ನು ಕಾಯಲು ಬೇಕಾದ ಕಾಲಾಳು ದಳಗಳು ಇನ್ನೂ ನಡೆದುಕೊಂಡೇ ಬರುತ್ತಿದ್ದವು.

ದೊಡ್ಡ ತಪ್ಪು ಎಣಿಕೆಯಲ್ಲಿದೆ. ಜುಲೈ 3ರಂದು ಜರ್ಮನ್ ಭೂಸೇನೆಯ ಜನರಲ್ ಸ್ಟಾಫ್ ಮುಖ್ಯಸ್ಥ ಹಾಲ್ಡರ್ ತನ್ನ ದಿನಚರಿಯಲ್ಲಿ, ಎರಡು ವಾರದಲ್ಲಿ ಯುದ್ಧ ಗೆದ್ದಂತೆಯೇ ಎಂಬರ್ಥದಲ್ಲಿ ಬರೆದುಕೊಂಡಿದ್ದಾನೆ. ಆಗಸ್ಟ್ 11ರ ಪುಟದಲ್ಲಿ ರಾಗ ಬದಲು: ಶತ್ರುವಿನದು 200 ಡಿವಿಷನ್ (ಸಾವಿರಾರು ಸೈನಿಕರ ದೊಡ್ಡ ದಳ) ಅಂದುಕೊಂಡಿದ್ದೆವು, ಈಗಾಗಲೇ 360 ಎಣಿಸಿದ್ದೇವೆ. ಒಂದು ಡಿವಿಷನ್ ನಾಶವಾದರೆ ಮೀಸಲು ಜನರಿಂದ ಇನ್ನೊಂದು ಎದ್ದು ನಿಲ್ಲುತ್ತಿತ್ತು. ತರಬೇತಿ ಕಡಿಮೆ, ಬಂದೂಕೂ ಕಡಿಮೆ, ಆದರೂ ಇತ್ತು. ಸೋವಿಯತ್ ಒಕ್ಕೂಟದ ಜನರನ್ನು ಒಗ್ಗೂಡಿಸುವ ಶಕ್ತಿಯನ್ನು ಜರ್ಮನ್ ಬೇಹುಗಾರಿಕೆ ಅಳೆದಿರಲೇ ಇಲ್ಲ.

ನಕ್ಷೆಪ್ರಿಯ:
ಒಪ್ಪಿದೆ. ಆದರೆ ಅಕ್ಟೋಬರಿನಲ್ಲಿ ವ್ಯಾಜ್ಮಾ ಮತ್ತು ಬ್ರ್ಯಾನ್ಸ್ಕ್ ಬಳಿ ಮತ್ತೆ 6 ಲಕ್ಷಕ್ಕೂ ಹೆಚ್ಚು ಸೆರೆಯಾಳುಗಳು ಸಿಕ್ಕರಲ್ಲ? ಅಂದರೆ ಸಾಮರ್ಥ್ಯ ಇನ್ನೂ ಇತ್ತು. ನಾಲ್ಕು ವಾರ ಮೊದಲು ಇದೇ ಏಟು ಕೊಟ್ಟಿದ್ದರೆ?

ಹಳಿಲೆಕ್ಕ:
ಆ ಏಟಿಗೆ ಬೇಕಾದ ದಾಸ್ತಾನನ್ನು ಒಟ್ಟುಮಾಡಲು ಹಿಡಿದದ್ದೇ ಆ ನಾಲ್ಕು ವಾರ! ಮೊದಲ ಏಟು ಬಿದ್ದ ಮೇಲೆ ಏನಾಯಿತು ನೋಡಿ. ಕೆಸರಿನಲ್ಲಿ ಲಾರಿ ಹೂತವು, ಎಲ್ಲ ಭಾರ ರೈಲಿನ ಮೇಲೆ ಬಿತ್ತು. ನವೆಂಬರಿನಲ್ಲಿ ನೆಲ ಗಟ್ಟಿಯಾಯಿತು ಎನ್ನುವಾಗ ಇಂಜಿನ್‌ಗಳು ಕೈಕೊಟ್ಟವು. ಜರ್ಮನ್ ಇಂಜಿನ್‌ಗಳ ನೀರಿನ ಕೊಳವೆಗಳು ಬಾಯ್ಲರಿನ ಹೊರಗಿದ್ದವು. ಮೈ ಕೊರೆಯುವ ಆ ಚಳಿಯಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತಿತ್ತು. ಓಡುತ್ತಿದ್ದ ಕೆಲವೇ ರೈಲುಗಳಲ್ಲಿ ಏನು ತುಂಬಬೇಕು? ಇಂಧನ, ಮದ್ದುಗುಂಡು, ಆಹಾರ. ಚಳಿಬಟ್ಟೆ ಹಿಂದೆ ಉಳಿಯಿತು. ಜರ್ಮನ್ನರು ಚಳಿಬಟ್ಟೆಯನ್ನೇ ಮಾಡಿಸಿರಲಿಲ್ಲ ಎನ್ನುವುದು ಅರ್ಧ ಸತ್ಯ. ಸಾಲದಷ್ಟು ಮಾಡಿಸಿದ್ದರು, ಇದ್ದದ್ದರಲ್ಲೂ ಬಹಳಷ್ಟು ದೂರದ ಉಗ್ರಾಣಗಳಲ್ಲೇ ಬಿದ್ದಿತ್ತು. ಡಿಸೆಂಬರ್ 5ಕ್ಕೆ ಸೋವಿಯತ್ ಪ್ರತಿದಾಳಿ ಶುರುವಾದಾಗ ಎದುರಿಗಿದ್ದದ್ದು ಇಂಥ ಸೇನೆ.

ತೈಲಬಾವಿ:
ಎರಡನೇ ಪ್ರಶ್ನೆಗೆ ಬರುತ್ತೇನೆ. ಹಳೆಯ ತಪ್ಪೇ, ಈ ಸಲ ಇನ್ನೂ ಬೆತ್ತಲೆಯಾಗಿ. 1942ರಲ್ಲಿ ಜರ್ಮನಿಗೆ ಬೇಕಾಗಿದ್ದು ಕಾಕಸಸ್‌ನ ಎಣ್ಣೆ: ಮಾಯ್ಕೋಪ್, ಗ್ರೋಜ್ನಿ, ಬಾಕು. ಏಪ್ರಿಲ್ 5ರ ಹಿಟ್ಲರನ 41ನೇ ಆದೇಶದಲ್ಲಿ ಒಂದು ಕ್ರಮವಿತ್ತು. ಮೊದಲು ವೋಲ್ಗಾ ಕಡೆಯ ಪಕ್ಕೆಯನ್ನು ಭದ್ರ ಮಾಡಿ, ನಂತರ ದಕ್ಷಿಣಕ್ಕೆ ಇಳಿಯುವುದು. ಜುಲೈ 23ರ 45ನೇ ಆದೇಶ ಆ ಕ್ರಮವನ್ನು ಮುರಿಯಿತು. ಒಂದು ಸೇನಾಗುಂಪು ಸ್ಟಾಲಿನ್‌ಗ್ರಾಡ್‌ಗೆ, ಇನ್ನೊಂದು ಕಾಕಸಸ್‌ಗೆ, ಎರಡೂ ಒಟ್ಟೊಟ್ಟಿಗೆ. ಎರಡು ದೋಣಿಯ ಮೇಲೆ ಕಾಲು. ಸಾಲದ್ದಕ್ಕೆ ಸೆವಾಸ್ತೊಪೋಲ್ ಗೆದ್ದು ಬಿಡುವಾಗಿದ್ದ ಮಾನ್‌ಸ್ಟೈನ್‌ನ 11ನೇ ಸೇನೆಯನ್ನು ದೂರದ ಲೆನಿನ್‌ಗ್ರಾಡ್‌ಗೆ ಕಳಿಸಿದರು.

ಆಗಸ್ಟ್ 9ಕ್ಕೆ ಮಾಯ್ಕೋಪ್ ಸಿಕ್ಕಿತು. ಬಾವಿಗಳನ್ನು ಸೋವಿಯತ್ ಕೆಲಸಗಾರರು ಮೊದಲೇ ಹಾಳುಗೆಡವಿದ್ದರು. ದುರಸ್ತಿಗೆ ತಂತ್ರಜ್ಞರ ಒಂದು ದೊಡ್ಡ ಪಡೆಯೇ ಬಂತು, ಯುದ್ಧದ ಲೆಕ್ಕಕ್ಕೆ ಬರುವಷ್ಟು ಎಣ್ಣೆ ಮಾತ್ರ ಬರಲಿಲ್ಲ. ಒಂದು ವೇಳೆ ಬಂದಿದ್ದರೂ ಅದನ್ನು ಸಾಗಿಸುವುದು ಹೇಗೆ? ಪೈಪು ಇಲ್ಲ, ಕಪ್ಪು ಸಮುದ್ರದಲ್ಲಿ ಸಾಕಷ್ಟು ಟ್ಯಾಂಕರ್ ಹಡಗಿಲ್ಲ, ರೈಲಿನ ಕಥೆ ಮೇಲೆ ಓದಿದ್ದೀರಿ. ಆದ್ದರಿಂದ ಬಾಕು ಗೆದ್ದಿದ್ದರೆ ಜರ್ಮನಿಗೆ ಎಣ್ಣೆ ಸಿಗುತ್ತಿತ್ತು ಅನ್ನುವುದಕ್ಕಿಂತ ಸೋವಿಯತ್‌ಗೆ ತಪ್ಪುತ್ತಿತ್ತು ಅನ್ನುವುದು ಸರಿ.

ಸ್ಟಾಲಿನ್‌ಗ್ರಾಡ್ ಬೀದಿಗಳಲ್ಲಿ ಜರ್ಮನಿಯ 6ನೇ ಸೇನೆ ಸವೆಯುತ್ತಿದ್ದಾಗ ಡಾನ್ ನದಿಯುದ್ದದ ಪಕ್ಕೆ ಕಾಯುತ್ತಿದ್ದವರು ರೊಮೇನಿಯಾ, ಇಟಲಿ, ಹಂಗೇರಿಯ ಸೇನೆಗಳು. ರೊಮೇನಿಯನ್ನರ ಟ್ಯಾಂಕ್ ನಿರೋಧಕ ಫಿರಂಗಿಗಳಲ್ಲಿ ಹೆಚ್ಚಿನವು 37 ಮಿ.ಮೀ.ನವು. ಸೋವಿಯತ್ ಟ್ಯಾಂಕ್ ಟಿ-34ರ ಮುಂಭಾಗಕ್ಕೆ ಆ ಗುಂಡು ತಾಗಿದರೆ ಗೀರು ಬೀಳುತ್ತಿತ್ತು, ಅಷ್ಟೆ. ಡಾನ್‌ನ ದಕ್ಷಿಣ ದಡದ ಸೆರಾಫಿಮೊವಿಚ್ ಮತ್ತು ಕ್ಲೆಟ್ಸ್ಕಾಯಾ ಬಳಿ ಸೋವಿಯತ್ ಸೇನೆ ಇಟ್ಟುಕೊಂಡಿದ್ದ ನೆಲೆಗಳನ್ನು ತೆಗೆಯದೆ ಬಿಟ್ಟದ್ದು ಇನ್ನೊಂದು ಉದಾಸೀನ. ನವೆಂಬರ್ 19ಕ್ಕೆ ದಾಳಿ ಬಂದದ್ದು ಅಲ್ಲಿಂದಲೇ. 23ಕ್ಕೆ ಕಲಾಚ್ ಬಳಿ 6ನೇ ಸೇನೆಯ ಸುತ್ತಲಿನ ಉಂಗುರ ಮುಚ್ಚಿತು.

ಮೂರನೆಯವ:
ರಣರಂಗದ ಆಚೆಗಿನ ಎರಡು ವಿಷಯ, ಚಿಕ್ಕದಾಗಿ. ಡಿಸೆಂಬರ್ 11, 1941ರಂದು ಜರ್ಮನಿ ತಾನಾಗಿಯೇ ಅಮೆರಿಕದ ಮೇಲೆ ಯುದ್ಧ ಸಾರಿತು. ಅಮೆರಿಕದ ಮೇಲೆ ದಾಳಿ ಮಾಡಿದ್ದು ಜಪಾನ್ ಆಗಿದ್ದರಿಂದ, ಜರ್ಮನಿ, ಇಟಲಿ, ಜಪಾನ್ ನಡುವಿನ ತ್ರಿಪಕ್ಷ ಒಪ್ಪಂದದ ಪ್ರಕಾರ ಹಾಗೆ ಮಾಡುವ ಬಾಧ್ಯತೆ ಇರಲಿಲ್ಲ. ಅಟ್ಲಾಂಟಿಕ್‌ನಲ್ಲಿ ಆಗಲೇ ಗುಂಡು ಹಾರುತ್ತಿತ್ತು ನಿಜ, ಅಕ್ಟೋಬರ್ 31ಕ್ಕೆ ಅಮೆರಿಕದ ಒಂದು ಡಿಸ್ಟ್ರಾಯರ್ ಮುಳುಗಿತ್ತು. ಹಾಗಾಗಿ ಇದನ್ನು ಹುಚ್ಚುತನ ಎಂದು ತಳ್ಳಿಹಾಕಲಾರೆ. ಆದರೂ ರೂಸ್‌ವೆಲ್ಟ್‌ಗೆ ತನ್ನ ಸಂಸತ್ತಿನಲ್ಲಿ ಮಾಡಬೇಕಿದ್ದ ವಾದದ ಶ್ರಮವನ್ನು ಹಿಟ್ಲರ್ ಉಳಿಸಿದ. ಹಳಿಲೆಕ್ಕ ಅವರಿಗೆ ಇಷ್ಟವಾಗುವ ಅಂಕಿ: ಅಮೆರಿಕ ಸೋವಿಯತ್‌ಗೆ ಕೊಟ್ಟ ಲಾರಿ, ಜೀಪುಗಳು ಸುಮಾರು 4 ಲಕ್ಷ, ರೈಲು ಇಂಜಿನ್‌ಗಳು ಸುಮಾರು 1,900. ಬಹುಪಾಲು ಬಂದದ್ದು 1943ರಿಂದೀಚೆಗೆ.

ಎರಡನೆಯದನ್ನು ತಪ್ಪು ಅನ್ನುವುದೇ ಕಷ್ಟ, ಅದು ಅಪರಾಧ. ಸೆರೆಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 30 ಲಕ್ಷಕ್ಕೂ ಹೆಚ್ಚು ಜನ ಹಸಿವು, ಚಳಿ, ಗುಂಡಿಗೆ ಸತ್ತರು. ಯೆಹೂದಿಗಳ ಸಾಮೂಹಿಕ ಕೊಲೆ ದಾಳಿಯ ಬೆನ್ನಿಗೇ ಶುರುವಾಗಿತ್ತು. ಉಕ್ರೇನಿನಲ್ಲಿ ಸ್ಟಾಲಿನ್‌ನ ಆಡಳಿತದಿಂದ ಬೇಸತ್ತಿದ್ದವರೂ ತಿಂಗಳುಗಳಲ್ಲೇ ಜರ್ಮನ್ನರ ವಿರುದ್ಧ ಹೋರಾಡಲು ಕಾಡು ಸೇರಿದರು. ಜನರನ್ನು ಒಳ್ಳೆಯ ರೀತಿ ನೋಡಿಕೊಂಡಿದ್ದರೆ ಗೆಲ್ಲುತ್ತಿದ್ದರು ಎಂಬ ವಾದ ಆಗಾಗ ಕೇಳುತ್ತದೆ. ನೆಲ ಕಿತ್ತು ಜನರನ್ನು ಹಸಿವಿಗೆ ತಳ್ಳುವುದೇ ಆ ಯುದ್ಧದ ಗುರಿಯಾಗಿತ್ತು, ಅದಿಲ್ಲದೆ ಯುದ್ಧವೇ ಇರುತ್ತಿರಲಿಲ್ಲ.

ನಕ್ಷೆಪ್ರಿಯ:
ಸ್ಟಾಲಿನ್‌ಗ್ರಾಡ್‌ಗೆ ವಿಮಾನದಲ್ಲಿ ಸರಬರಾಜು ಮಾಡುವ ಯೋಚನೆ ಶುರುವಿನಿಂದಲೇ ಅಸಾಧ್ಯವಾಗಿತ್ತೇ? 6ನೇ ಸೇನೆಯ ಸೇನಾಪತಿ ಪೌಲುಸ್ ತಕ್ಷಣ ಹೊರಬಿದ್ದಿದ್ದರೆ?

ತೈಲಬಾವಿ:
ಅಸಾಧ್ಯವೇ. ಆ ಭ್ರಮೆ ಹುಟ್ಟಿದ್ದು ಡೆಮ್ಯಾನ್ಸ್ಕ್‌ನಲ್ಲಿ. 1942ರ ಆರಂಭದಲ್ಲಿ ಅಲ್ಲಿ ಸಿಕ್ಕಿಬಿದ್ದ ಸುಮಾರು ಒಂದು ಲಕ್ಷ ಜನರನ್ನು ವಿಮಾನಗಳೇ ಸಾಕಿದ್ದವು. ಸ್ಟಾಲಿನ್‌ಗ್ರಾಡ್‌ನಲ್ಲಿ ಸಿಕ್ಕಿಕೊಂಡವರು ಎರಡೂವರೆ ಲಕ್ಷಕ್ಕೂ ಹೆಚ್ಚು. ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಒಪ್ಪಿಕೊಂಡದ್ದು ದಿನಕ್ಕೆ 500 ಟನ್, ಬದುಕುಳಿಯಲು ಬೇಕಾದ ಕನಿಷ್ಠ 300. ಸಾಗಣೆ ವಿಮಾನ ಯುಂಕರ್ಸ್ 52 ಹೊರುವುದು ಸುಮಾರು 2 ಟನ್, ಅಂದರೆ ದಿನಕ್ಕೆ 250 ಸಲ ಇಳಿಯಬೇಕು. ಆ ಚಳಿಯಲ್ಲಿ ಮೂರರಲ್ಲಿ ಒಂದು ವಿಮಾನ ಹಾರುವ ಸ್ಥಿತಿಯಲ್ಲಿದ್ದರೆ ಪುಣ್ಯ. ಹಾಗಾದರೆ ಒಟ್ಟು 750 ವಿಮಾನ ಬೇಕು, ಅಷ್ಟು ಇರಲಿಲ್ಲ. ನಿಜವಾಗಿ ತಲುಪಿದ್ದು ಸರಾಸರಿ 100 ಟನ್‌ಗಿಂತ ಸ್ವಲ್ಪ ಹೆಚ್ಚು. ಡಿಸೆಂಬರ್ 24ಕ್ಕೆ ತಾತ್ಸಿನ್ಸ್ಕಾಯಾ ವಿಮಾನ ನೆಲೆಗೆ ಸೋವಿಯತ್ ಟ್ಯಾಂಕುಗಳೇ ನುಗ್ಗಿದವು, ಜನವರಿ ಮಧ್ಯಕ್ಕೆ ಉಂಗುರದೊಳಗಿನ ಪಿತೊಮ್ನಿಕ್ ಕೂಡ ಹೋಯಿತು.

ಹೊರಬೀಳುವ ವಿಷಯ: ನವೆಂಬರ್ ಕೊನೆಯ ವಾರದಲ್ಲಿ ಸಾಧ್ಯತೆ ಇತ್ತು, ಆದರೆ ಭಾರೀ ಸಾಮಾನನ್ನೆಲ್ಲ ಬಿಟ್ಟು. ಮೇವಿಲ್ಲವೆಂದು 6ನೇ ಸೇನೆ ತನ್ನ ಹೆಚ್ಚಿನ ಕುದುರೆಗಳನ್ನು ಮೊದಲೇ ಹಿಂದಕ್ಕೆ ಕಳಿಸಿಬಿಟ್ಟಿತ್ತು. ಉಂಗುರ ಮುಚ್ಚಿದಾಗ ಫಿರಂಗಿ ಒಳಗೆ, ಅದನ್ನು ಎಳೆಯುವ ಕುದುರೆ ಹೊರಗೆ. ಡಿಸೆಂಬರ್ 12ಕ್ಕೆ ಹೊರಟ ಹೋಟ್‌ನ ಬಿಡುಗಡೆ ಪಡೆ ಮಿಶ್ಕೊವಾ ನದಿಯವರೆಗೆ ಬಂತು, ಅಲ್ಲಿಂದ ಉಂಗುರದ ಅಂಚಿಗೆ ಸುಮಾರು 48 ಕಿ.ಮೀ. ಒಳಗಿದ್ದ ಟ್ಯಾಂಕುಗಳಲ್ಲಿ ಉಳಿದಿದ್ದ ಇಂಧನ ಸುಮಾರು 30 ಕಿ.ಮೀ. ಓಡುವಷ್ಟು.